ಒಂದೇ ಗೋಡೆ, ಹಲವು ಮೊಳೆ: ಹೊಸ ಕಲಾವಿದರ ಪ್ರಣಾಳಿಕೆ

ಗ್ರೂಪ್ ಶೋ ಎಂಬ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ನಡೆಯುವುದರಲ್ಲಿ ಶೋ ಇರುತ್ತದೆ, ಗುಂಪು ಇರುವುದಿಲ್ಲ. ಇದನ್ನು ಬಹಿರಂಗವಾಗಿ ಹೇಳಲೆಂದೇ ನಾವು ಕೂಡಿದ್ದೇವೆ.

ನಾವು ಎಂದರೆ ಕಲಬುರಗಿ, ಧಾರವಾಡ, ಗದಗ, ದಾವಣಗೆರೆ, ಮೈಸೂರು, ಬೆಂಗಳೂರಿನ ಕಲಾಶಾಲೆಗಳಲ್ಲಿ ಕಲಿತು ಹೊರಬಿದ್ದವರು. ಹಗಲು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಸಂಜೆಯ ಮೇಲೆ ಕಲಾವಿದರು. ಗಣೇಶನ ಹಬ್ಬಕ್ಕೆ ಮೂರ್ತಿ, ಮದುವೆಗೆ ಮಂಟಪ, ಚುನಾವಣೆ ಬಂದರೆ ಕಟೌಟು ಮಾಡಿ ಬಣ್ಣದ ಟ್ಯೂಬಿಗೆ ಕಾಸು ಹೊಂದಿಸುವವರು. ಅನಿಮೇಷನ್ ಸ್ಟುಡಿಯೋದಲ್ಲಿ ಕೂತು ಬೇರೆಯವರ ಕತೆಗೆ ಹಿನ್ನೆಲೆ ಬಿಡಿಸುವವರು. ಮದುವೆಯಾದ ಮೇಲೆ ಕುಂಚ ಬಿಟ್ಟು, ಮಗು ಸ್ಕೂಲಿಗೆ ಹೋಗತೊಡಗಿದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಮತ್ತೆ ಹಿಡಿದವರು. ನಮ್ಮಲ್ಲಿ ಕೆಲವರು ಇಪ್ಪತ್ತರ ಆಸುಪಾಸು, ಕೆಲವರಿಗೆ ನಲವತ್ತು ದಾಟಿದೆ. ಆಹ್ವಾನಪತ್ರಿಕೆಗಳ ಪ್ರಕಾರ ಎಲ್ಲರೂ ಇನ್ನೂ ಉದಯೋನ್ಮುಖರೇ. ಈ ವಿಶೇಷಣದ ಜೊತೆ ನಮಗೆ ಜಗಳವಿಲ್ಲ. ಅದರ ಹೆಸರಲ್ಲಿ ನಮ್ಮಿಂದ ವಸೂಲಾಗುವ ದುಡ್ಡಿನ ಜೊತೆ ಇದೆ.

ಪದ್ಧತಿ ಹೀಗಿದೆ. ವಾಟ್ಸ್ಯಾಪಿನಲ್ಲಿ ಒಂದು ಪೋಸ್ಟರ್ ಬರುತ್ತದೆ: ಉದಯೋನ್ಮುಖ ಕಲಾವಿದರಿಗೆ ಸುವರ್ಣಾವಕಾಶ. ಕೆಳಗೆ ಸಣ್ಣಕ್ಷರದಲ್ಲಿ ಪ್ರವೇಶ ಶುಲ್ಕ, ಒಬ್ಬರಿಗೆ ಎರಡೇ ಕೃತಿ, ಅಳತೆ ಇಂತಿಷ್ಟು ಅಡಿ ಮೀರಕೂಡದು, ಫ್ರೇಮ್ ಕಡ್ಡಾಯ, ಸಾಗಾಟದ ವೆಚ್ಚ ಕಲಾವಿದರದು, ಹಾನಿಯಾದರೆ ಸಂಘಟಕರು ಹೊಣೆಯಲ್ಲ. ಚಿತ್ರಕ್ಕೆ ಹಳೆಯ ರಗ್ಗು ಸುತ್ತಿ, ರಾತ್ರಿ ಬಸ್ಸಿನ ಡಿಕ್ಕಿಗೆ ಹಾಕಿ, ಬೆಳಗಾಗುವಷ್ಟರಲ್ಲಿ ನಗರಕ್ಕೆ ಬಂದರೆ, ಗೋಡೆಯಲ್ಲಿ ಎಲ್ಲಿ ಜಾಗ ಉಳಿದಿದೆಯೋ ಅಲ್ಲೊಂದು ಮೊಳೆ. ಉದ್ಘಾಟನೆಗೆ ದೀಪ, ಹಾರ, ಶಾಲು, ಸ್ಮರಣಿಕೆ. ಮುಖ್ಯ ಅತಿಥಿಗಳು ಚಿತ್ರಗಳಿಗೆ ಬೆನ್ನು ಹಾಕಿ ನಿಂತು ಬದುಕಿನಲ್ಲಿ ಕಲೆಯ ಮಹತ್ವ ಕುರಿತು ಮಾತಾಡುತ್ತಾರೆ, ಕಾರು ಹತ್ತುವ ಮುನ್ನ ಒಂದು ಸುತ್ತು ಹಾಕುತ್ತಾರೆ. ಮರುದಿನದಿಂದ ಹಾಲ್ ಖಾಲಿ. ವಿಸಿಟರ್ಸ್ ಬುಕ್ಕಿನಲ್ಲಿ ಶುಭಾಶಯಗಳು. ಕೊನೆಯ ದಿನ ಪ್ರಮಾಣಪತ್ರ ಕೈಗೆ ಬಂದರೆ ಬಯೋಡೇಟಾಗೆ ಒಂದು ಸಾಲು ಸೇರಿತು. ತಿಂಗಳು ಕಳೆದ ಮೇಲೆ, ನಿನ್ನ ಚಿತ್ರದ ಎಡಕ್ಕೆ ಯಾರ ಚಿತ್ರ ಇತ್ತು ಎಂದು ಕೇಳಿದರೆ ನಮ್ಮಲ್ಲಿ ಬಹುಪಾಲು ಜನಕ್ಕೆ ಹೇಳಲಾಗುವುದಿಲ್ಲ.

ಈ ಕೊನೆಯ ಸಂಗತಿಯೇ ನಮ್ಮ ತಕರಾರಿನ ಬೇರು. ಶುಲ್ಕವನ್ನು ಹೇಗಾದರೂ ಹೊಂದಿಸಬಹುದು, ಬಸ್ಸಿನಲ್ಲಿ ಮುರಿದ ಫ್ರೇಮನ್ನು ಮತ್ತೆ ಕಟ್ಟಿಸಬಹುದು. ಆದರೆ ಪಕ್ಕದವರ ಕೆಲಸವನ್ನು ನೋಡದೆ, ಅವರು ನಮ್ಮದನ್ನು ನೋಡದೆ, ಒಂದೇ ಸೂರಿನಡಿ ವಾರ ಕಳೆದು ಬರುವುದಾದರೆ ಅಷ್ಟು ದೂರ ಹೋದದ್ದು ಯಾಕೆ?

ಈಚೆಗೆ ಈ ಪದ್ಧತಿಗೆ ಇನ್ನೊಂದು ಸೇರಿಕೊಂಡಿದೆ. ಪ್ರದರ್ಶನಕ್ಕೊಂದು ವಿಷಯ ಬೇಕು, ಆ ವಿಷಯ ಹೆಚ್ಚಾಗಿ ಅಸ್ಮಿತೆ. ಬೇರು, ನೆಲ, ಗುರುತು, ನೆನಪು ಎಂಬ ನಾಲ್ಕು ಮಾತುಗಳನ್ನು ಹೆಣೆದರೆ ಕಾನ್ಸೆಪ್ಟ್ ನೋಟ್ ಸಿದ್ಧ. ಆಮೇಲೆ ಯಾರು ಯಾವ ಗುರುತನ್ನು ತರಬೇಕೆಂಬುದೂ ಮೊದಲೇ ಗೊತ್ತಾಗಿರುತ್ತದೆ. ತಾಂಡಾದಿಂದ ಬಂದವಳು ಕನ್ನಡಿ ಮತ್ತು ಕವಡೆ ತರಬೇಕು. ಮುಸಲ್ಮಾನ ಹುಡುಗನಿಂದ ಗುಮ್ಮಟ ಅಥವಾ ಸುಂದರ ಕೈಬರಹ. ದಲಿತ ಎಂದರೆ ನೀಲಿ. ಮಲೆನಾಡಿನವನಿಗೆ ಅಡಿಕೆ ತೋಟ, ಉತ್ತರ ಕರ್ನಾಟಕದವನಿಗೆ ಎತ್ತು, ರುಮಾಲು, ಸುಕ್ಕುಗಟ್ಟಿದ ಮುಖದ ಅಜ್ಜ. ಹೆಣ್ಣಾದರೆ ಪಂಜರ, ಹಕ್ಕಿ, ಹರಿದ ಸೆರಗು. ನಮ್ಮಲ್ಲೊಬ್ಬ ತಾರಸಿಗಳ ಮೇಲಿನ ಕಪ್ಪು ನೀರಿನ ಟ್ಯಾಂಕುಗಳನ್ನು ಮಾತ್ರ ಬರೆಯುತ್ತಾನೆ. ಇದರಲ್ಲಿ ನಿಮ್ಮ ಸಮುದಾಯ ಎಲ್ಲಿದೆ ಎಂದು ಒಬ್ಬ ಕ್ಯುರೇಟರ್ ಕೇಳಿದರಂತೆ. ಅವನು ಬೆಳೆದ ಕೇರಿಗೆ ನೀರು ಬರುತ್ತಿದ್ದದ್ದು ಊರಿನ ಟ್ಯಾಂಕಿನಿಂದ ಅಲ್ಲ. ಟ್ಯಾಂಕುಗಳ ಮುಂದೆ ನಾಲ್ಕು ನಿಮಿಷ ನಿಂತಿದ್ದರೆ ಆ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಕ್ಯುರೇಟರಿಗೆ ಬೇಕಿದ್ದದ್ದು ಉತ್ತರವಲ್ಲ, ಚೀಟಿ.

ಇದಕ್ಕೆ ಪ್ರತಿಯಾಗಿ ಹಿರಿಯರು ಕೆಲವರು ಹೇಳುವ ಮಾತೂ ನಮಗೆ ಗೊತ್ತು. ಗುರುತಿನ ಗೊಡವೆಯೇ ಬೇಡ, ಕಲೆಗೆ ಜಾತಿಯಿಲ್ಲ, ಧರ್ಮವಿಲ್ಲ, ಒಳ್ಳೆಯ ಚಿತ್ರ ಕೆಟ್ಟ ಚಿತ್ರ ಎರಡೇ. ಹೀಗೆ ಹೇಳುವವರು ಬಾಡಿಗೆ ಮನೆ ಹುಡುಕುವಾಗ ನೀವು ಯಾವ ಪೈಕಿ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡಬಲ್ಲವರು ಎಂಬುದನ್ನು ನಾವು ಗಮನಿಸಿದ್ದೇವೆ. ಉಳಿದವರು ಆ ಪ್ರಶ್ನೆಯನ್ನು ಹೊತ್ತುಕೊಂಡೇ ಕ್ಯಾನ್ವಾಸಿನ ಮುಂದೆ ಕೂರುತ್ತಾರೆ. ಅದು ಗೆರೆಯಲ್ಲಿ, ಬಣ್ಣದಲ್ಲಿ, ಬಿಟ್ಟ ಖಾಲಿಯಲ್ಲಿ ಬಂದೇ ಬರುತ್ತದೆ. ಚೀಟಿ ಅಂಟಿಸುವವರೂ ಬೇಡ, ಚೀಟಿಯ ನೆಪದಲ್ಲಿ ಬದುಕನ್ನೇ ಒರೆಸಿಹಾಕುವವರೂ ಬೇಡ. ನಾನು ಯಾರು ಎಂಬುದನ್ನು ಪಕ್ಕದ ಮೊಳೆಗೆ ತೂಗುವವರ ಎದುರಿನಲ್ಲಿ, ಅವರ ಪ್ರಶ್ನೆಗೆ ಸಿಕ್ಕಿಕೊಂಡು ಹುಡುಕಬೇಕು. ಆ ಹುಡುಕಾಟಕ್ಕೆ ಗುಂಪು ಪ್ರದರ್ಶನಕ್ಕಿಂತ ಒಳ್ಳೆಯ ಜಾಗ ನಮಗೆ ಕಂಡಿಲ್ಲ. ನಾವು ಹೇಳಬೇಕಾದದ್ದು ಇಷ್ಟೇ. ಮುಂದಿನದೆಲ್ಲ ಇದನ್ನು ಮಾಡುವ ಬಗೆ.

ಈ ದಾರಿಯಲ್ಲಿ ನಾವು ಮೊದಲಿಗರಲ್ಲ. 1947ರಲ್ಲಿ ಮುಂಬೈಯಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ದೇಶ ಧರ್ಮದ ಹೆಸರಲ್ಲಿ ಎರಡಾದ ವರ್ಷ ಅದು. ಗೋವಾದ ಕ್ರೈಸ್ತ ಸೋಜಾ, ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದ ಮುಸಲ್ಮಾನ ಹುಸೇನ್, ಮನೆಗೆಲಸ ಮಾಡುತ್ತಲೇ ಚಿತ್ರ ಬರೆದ ಆರಾ ಒಂದೇ ಗೋಡೆಗೆ ಬಂದದ್ದೇ ಒಂದು ಹೇಳಿಕೆಯಾಗಿತ್ತು. ಆದರೆ 1949ರಲ್ಲಿ ಸೋಜಾ ಲಂಡನ್ನಿಗೆ ಹೋದರು, ಮರುವರ್ಷ ರಜಾ ಪ್ಯಾರಿಸ್ಸಿಗೆ. 1956ರ ಹೊತ್ತಿಗೆ ಗುಂಪು ಮುಗಿದಿತ್ತು. ಅವರೊಂದಿಗೆ ಪ್ರದರ್ಶಿಸಿದ ಭಾನು ರಾಜೋಪಾಧ್ಯೆ ಮುಂದೆ ಭಾನು ಅಥೈಯಾ ಎಂಬ ಹೆಸರಿನಲ್ಲಿ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದರು. ಭಾರತೀಯ ಆಧುನಿಕ ಕಲೆಯ ಕತೆ ಹೇಳುವವರು ಆರು ಗಂಡಸರ ಹೆಸರು ಒಪ್ಪಿಸುತ್ತಾರೆ, ಈ ಹೆಸರಿಗೆ ಬಂದಾಗ ತಡಕಾಡುತ್ತಾರೆ.

ಗ್ರೂಪ್ 1890ರ ಕತೆ ನಮಗೆ ಇನ್ನೂ ಇಷ್ಟ. ಭಾವನಗರದ ಒಂದು ಮನೆಯ ನಂಬರನ್ನೇ ಹೆಸರಾಗಿ ಇಟ್ಟುಕೊಂಡ ಹನ್ನೆರಡು ಮಂದಿ, ಜೆ. ಸ್ವಾಮಿನಾಥನ್ ಮುಂದಾಳುತನದಲ್ಲಿ, 1963ರ ಅಕ್ಟೋಬರಿನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ಪ್ರದರ್ಶನ ಇಟ್ಟರು. ಉದ್ಘಾಟಿಸಿದವರು ನೆಹರೂ, ಕ್ಯಾಟಲಾಗಿಗೆ ಬರೆದವರು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಸ್. ಅದೇ ಅವರ ಮೊದಲ ಪ್ರದರ್ಶನ, ಕೊನೆಯದೂ ಅದೇ. ಇವರಲ್ಲೂ ಒಬ್ಬ ಹೆಣ್ಣುಮಗಳಿಲ್ಲ. 1987ರಲ್ಲಿ ಬರೋಡಾದಲ್ಲಿ ಪ್ರದರ್ಶನ ಇಟ್ಟು ಕಲಾ ಮಾರುಕಟ್ಟೆಯನ್ನೇ ಎದುರು ಹಾಕಿಕೊಂಡ ರಾಡಿಕಲ್ ಗುಂಪಿನ ಹುಡುಗರು ಹೆಚ್ಚಿನವರು ಮಲಯಾಳಿಗಳು. ಅವರ ಪ್ರಣಾಳಿಕೆ ಬರೆದವರು ಅನಿತಾ ದುಬೆ. 1989ರಲ್ಲಿ ಅವರ ಮುಂದಾಳು ಕೆ.ಪಿ. ಕೃಷ್ಣಕುಮಾರ್ ತೀರಿಕೊಂಡ ಮೇಲೆ ಆ ಗುಂಪೂ ಚದುರಿತು. ಬರೆಯಲು ಹೆಣ್ಣು, ಹೆಸರು ಗಳಿಸಲು ಗಂಡು ಎಂಬ ಈ ಹಂಚಿಕೆ ನಮ್ಮಲ್ಲಿ ನಡೆಯುವುದಿಲ್ಲವೆಂದು ಇಲ್ಲೇ ದಾಖಲಿಸುತ್ತೇವೆ.

ಕಲಾವಿದೆ ನಳಿನಿ ಮಲಾನಿ 1979ರಲ್ಲಿ ನ್ಯೂಯಾರ್ಕಿನಲ್ಲಿ ಹೆಂಗಸರೇ ಸೇರಿ ನಡೆಸುತ್ತಿದ್ದ ಏ.ಐ.ಆರ್. ಗ್ಯಾಲರಿಯನ್ನು ನೋಡಿದರು. ನಮ್ಮಲ್ಲೂ ಕಲಾವಿದೆಯರ ಪ್ರದರ್ಶನ ಆಗಬೇಕೆಂಬ ಆಸೆ ಕೈಗೂಡಲು ಎಂಟು ವರ್ಷ ಹಿಡಿಯಿತು. 1987ರಿಂದ 1989ರವರೆಗೆ ಅರ್ಪಿತಾ ಸಿಂಗ್, ಮಾಧವಿ ಪಾರೇಖ್, ನೀಲಿಮಾ ಶೇಖ್ ಮತ್ತು ಮಲಾನಿ, ನಾಲ್ಕೇ ಮಂದಿ, ‘ಥ್ರೂ ದ ಲುಕಿಂಗ್ ಗ್ಲಾಸ್’ ಎಂಬ ಪ್ರದರ್ಶನವನ್ನು ಊರಿಂದೂರಿಗೆ ಒಯ್ದರು. ನಾಲ್ವರ ಶೈಲಿ ನಾಲ್ಕು ದಿಕ್ಕು. ಕಲಾಶಾಲೆಯ ಮೆಟ್ಟಿಲು ಹತ್ತದೆ ಗುಜರಾತಿನ ಹಳ್ಳಿಯ ನೆನಪುಗಳಿಂದ ಬರೆದ ಮಾಧವಿ ಪಾರೇಖರ ಪಕ್ಕದಲ್ಲಿ ಮುಂಬೈಯ ಜೆ.ಜೆ. ಸ್ಕೂಲಿನಲ್ಲಿ ಓದಿದ ಮಲಾನಿ. ಹೆಣ್ಣಿನ ಕಲೆ ಎಂದರೆ ಹೀಗಿರುತ್ತದೆ ಎಂದು ಷರಾ ಬರೆಯಲು ಹೊರಟವರಿಗೆ ನಾಲ್ಕು ಗೋಡೆಗಳೂ ಅಡ್ಡ ಬಂದವು. ನಮಗೆ ಬೇಕಾದ ಗುಂಪು ಈ ಮಾದರಿಯದು.

ಕಡಲಾಚೆಯ ಇನ್ನೊಂದು ಸಂಗತಿ. ಎಂಬತ್ತರ ದಶಕದ ಬ್ರಿಟನ್ನಿನಲ್ಲಿ ಕಪ್ಪು ಮತ್ತು ಏಷ್ಯನ್ ಮೂಲದ ಎಳೆಯ ಕಲಾವಿದೆಯರಿಗೆ ಗ್ಯಾಲರಿಗಳ ಬಾಗಿಲು ಮುಚ್ಚಿತ್ತು. ಜಂಜಿಬಾರಿನಲ್ಲಿ ಹುಟ್ಟಿದ ಲುಬೈನಾ ಹಿಮಿಡ್ ತಾವೇ ಪ್ರದರ್ಶನ ಜೋಡಿಸತೊಡಗಿದರು. 1985ರಲ್ಲಿ ಲಂಡನ್ನಿನ ಐಸಿಎ ಕಲಾಕೇಂದ್ರ ಅವರಿಗೆ ಕೊಟ್ಟದ್ದು ಹಾಲ್ ಅಲ್ಲ, ಜನ ಕೆಫೆಗೂ ಸಿನಿಮಾಗೂ ಓಡಾಡುವ ಹಜಾರದ ಗೋಡೆ. ಹನ್ನೊಂದು ಮಂದಿ ಆ ಓಣಿಯಲ್ಲೇ ತೂಗುಹಾಕಿದರು. ಪ್ರದರ್ಶನಕ್ಕೆ ‘ದ ಥಿನ್ ಬ್ಲಾಕ್ ಲೈನ್’ ಎಂದು ಹೆಸರಿಟ್ಟರು. ಅಲ್ಲಿದ್ದವರಲ್ಲಿ ಒಬ್ಬರು ಶಾಂತಿನಿಕೇತನದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಸುತಪಾ ಬಿಸ್ವಾಸ್. ಅವರ ಚಿತ್ರದ ಗೃಹಿಣಿ ಕಾಳಿಯ ಹಾಗೆ ಹಲವು ಕೈಯವಳು; ಒಂದು ಕೈಯಲ್ಲಿ ಅಡುಗೆಮನೆಯ ಚೂರಿ, ಕೊರಳಲ್ಲಿ ರುಂಡಮಾಲೆ. 2017ರಲ್ಲಿ ಹಿಮಿಡ್ ಟರ್ನರ್ ಪ್ರಶಸ್ತಿ ಪಡೆದಾಗ ಹಜಾರದ ಆ ಪ್ರದರ್ಶನವನ್ನು ಇತಿಹಾಸವೆಂದು ಎಲ್ಲರೂ ಬರೆದರು. ಮೂವತ್ತೆರಡು ವರ್ಷ ತಡವಾಗಿ. ನಮಗೂ ಮೊದಲು ಸಿಗುವುದು ಹಜಾರವೇ ಇರಬಹುದು. ತೆಗೆದುಕೊಳ್ಳುತ್ತೇವೆ, ಹಜಾರ ಎಂದೇ ಕರೆಯುತ್ತೇವೆ.

ಕನ್ನಡದಲ್ಲಿ ಇಂಥ ಜಗಳಕ್ಕೆ ಸಾಹಿತ್ಯದವರು ಹೆಸರಾದವರು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೇಳಿ, ಇಲ್ಲವೆನಿಸಿಕೊಂಡ ಸಿಟ್ಟಿನಿಂದಲೇ ಬೆಂಗಳೂರಿನಲ್ಲಿ ಬೇರೆ ಸಮ್ಮೇಳನ ನಡೆದು ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಬಂಡಾಯದ ಪುಸ್ತಕಗಳಿಗೆ ಮುಖಪುಟ, ದಲಿತ ಸಂಘರ್ಷ ಸಮಿತಿಯ ಜಾಥಾಗಳಿಗೆ ಬ್ಯಾನರು ಬರೆದವರು ನಮ್ಮ ಹಿಂದಿನ ತಲೆಮಾರಿನ ಚಿತ್ರಕಾರರು. ಆದರೆ ನಮ್ಮ ಕಲೆಗೇ ಒಂದು ಗೋಷ್ಠಿ ಬೇಕು, ಕೊಡದಿದ್ದರೆ ನಾವೇ ಕಟ್ಟುತ್ತೇವೆ ಎಂದು ಚಿತ್ರಕಲೆಯವರು ಆ ದನಿಯಲ್ಲಿ ಕೇಳಲಿಲ್ಲ. ಲೇಖಕನಿಗೆ ಕಾಗದ ಸಾಕು, ನಮಗೆ ಗೋಡೆ ಬೇಕು, ಗೋಡೆ ಯಾವಾಗಲೂ ಇನ್ನೊಬ್ಬರದು ಎಂಬ ಸಮಜಾಯಿಷಿ ಇದೆ. ಅದು ಅರ್ಧ ಸತ್ಯ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ಯೋಜನೆ ಬಂದಾಗ 2015–16ರಲ್ಲಿ ಕಲಾವಿದರು ಬೀದಿಗೆ ಇಳಿದರು, ಗ್ಯಾಲರಿಯ ಅಂಗಳದಲ್ಲೇ ಕೂತು ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಆ ಸಾರ್ವಜನಿಕ ಹಾಲ್ ಎಷ್ಟೋ ಜನರ ಮೊದಲ ಪ್ರದರ್ಶನದ ಜಾಗ. ಮನಸ್ಸು ಮಾಡಿದರೆ ನಮ್ಮವರೂ ಗುಂಪಾಗುತ್ತಾರೆ.

ಈ ನೆಲದಲ್ಲೇ ಗುರುತಿನ ಪ್ರಶ್ನೆಯನ್ನು ಚೀಟಿಯಾಗಲು ಬಿಡದೆ ಆಳಕ್ಕೆ ಒಯ್ದವರಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಕೈಕೆಳಗೆ ಕಲಿತವರು. 1992ರ ಬಾಬರಿ ಮಸೀದಿ ಧ್ವಂಸ ಮತ್ತು ಅದರ ಹಿಂದೆಯೇ ಬಂದ ಗಲಭೆಗಳ ಕಾಲದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. ಮನೆ ಸಾರಿಸುವ ಹೆಂಗಸರ ವಸ್ತು, ಒಂದು ರಾಜಕಾರಣ ಪವಿತ್ರವೆಂದು ಸಾರುವ ವಸ್ತು; ಎರಡೂ ಒಂದೇ ಬೆರಣಿಯಲ್ಲಿ. 2009ರಲ್ಲಿ ವೆನಿಸ್ ಬಿಯೆನ್ನಾಲೆಗೆ ಅವರು ಒಯ್ದದ್ದು ಕೂದಲ ಹಗ್ಗ ಮತ್ತು ಕಾರಿನ ಬಂಪರ್. ದೃಷ್ಟಿ ತಾಗದಿರಲೆಂದು ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ಅದರಲ್ಲಿ ಹಳ್ಳಿ ಹೆಣ್ಣಿನ ಚಿತ್ರವಿಲ್ಲ, ನೊಗವಿಲ್ಲ, ಆದರೂ ಇದು ಬೇರೆಲ್ಲಿಯದೂ ಆಗಿರಲು ಸಾಧ್ಯವಿಲ್ಲ.

ಬೆಂಗಳೂರಿನ ಪುಷ್ಪಮಾಲಾ ಎನ್. ಇನ್ನೊಂದು ದಾರಿ ಹಿಡಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಛಾಯಾಚಿತ್ರ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಅಳತೆಯ ಚೌಕಳಿ ಪರದೆಯ ಮುಂದೆ ಬ್ರಿಟಿಷರು ನಿಲ್ಲಿಸಿದ ಆದಿವಾಸಿ ಹೆಣ್ಣೂ ಅವರೇ. ಯಾರು ಯಾರನ್ನು ಯಾವ ಮಾದರಿ ಎಂದು ತೋರಿಸುತ್ತಾ ಬಂದಿದ್ದಾರೆ ಎಂಬುದನ್ನು ವೇಷ ಕಟ್ಟಿ ಬಯಲಿಗೆಳೆದರು. ಅಸ್ಮಿತೆ ಎಂದ ಕೂಡಲೇ ಮುಖ ಗಂಟಿಕ್ಕಿಕೊಳ್ಳುವ ನಮ್ಮ ಗೆಳೆಯರಿಗೆ ಅವರ ತುಂಟತನ ಸ್ವಲ್ಪ ಅಂಟಲಿ ಎಂಬುದು ಈ ಪ್ರಣಾಳಿಕೆ ಬರೆಯುತ್ತಿರುವವರ ಸ್ವಂತ ಆಸೆ. 2016ರಲ್ಲಿ ಇದೇ ನಗರದಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್ ಟ್ರಾನ್ಸ್‌ಜೆಂಡರ್ ಹೆಂಗಸರ ಕೈಗೆ ಬಣ್ಣದ ಡಬ್ಬಿ ಕೊಟ್ಟು ಬೀದಿಯ ಗೋಡೆಗೆ ಕರೆತಂದಿತು. ಹಾದುಹೋಗುವವರು ಮುಖ ತಿರುಗಿಸುತ್ತಿದ್ದ ಬೀದಿಗಳಲ್ಲಿ ಏಣಿ ಹತ್ತಿ ನಿಂತು ಅವರು ಬರೆದರು. 2024ರಲ್ಲಿ ಅವರ ಕೆಲಸ ವೆನಿಸ್ಸಿಗೂ ಹೋಯಿತು. ಏಣಿಯ ಮೇಲೆ ಒಬ್ಬಳಿದ್ದರೆ ಕೆಳಗೆ ಅದನ್ನು ಹಿಡಿಯಲು ಇನ್ನೊಬ್ಬಳು ಬೇಕೇ ಬೇಕು. ಗುಂಪು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ನಮಗೆ ಬೇಡ.

ಇಲ್ಲಿ ನಮ್ಮೊಳಗೇ ಬಗೆಹರಿಯದ ಒಂದು ಮಾತು ಬರುತ್ತದೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಮನೆಯ ಗೋಡೆಗೆ ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಸೇರಿ ಎಳೆಯುತ್ತಾರೆ. ಮೂಲೆಯಲ್ಲಿ ಸಹಿ ಇರುವುದಿಲ್ಲ. 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರಿನ ಲಂಬಾಣಿ ಹೆಂಗಸರು ಹೊಲಿದ 1755 ಕಸೂತಿ ತುಣುಕುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ದಾಖಲೆಯ ಸಂಖ್ಯೆ ನಮಗೆ ಬಾಯಿಪಾಠ, ಹೊಲಿದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ನಾವು ಕಲಾವಿದರು, ಅವರು ಕುಶಲಕರ್ಮಿಗಳು ಎಂಬ ಗೆರೆ ಎಳೆದವರು ಯಾರು? ಆ ಗೆರೆಯಿಂದ ಲಾಭ ಪಡೆದವರಲ್ಲಿ ನಾವೂ ಇದ್ದೇವೆ: ಚಿತ್ತಾರದ ಎಳೆಯನ್ನು ನಮ್ಮ ಕ್ಯಾನ್ವಾಸಿಗೆ ತಂದು ಅದನ್ನು ಸ್ಫೂರ್ತಿ ಎಂದು ಕರೆದವರು. ನಮ್ಮ ಪ್ರದರ್ಶನಕ್ಕೆ ಬರುವ ಚಿತ್ತಾರದಾಕೆಯ ಹೆಸರು ನಮ್ಮ ಹೆಸರಿನ ಅಳತೆಯಲ್ಲೇ ಇರುತ್ತದೆ, ಅವಳ ಬೆಲೆಯನ್ನು ಅವಳೇ ಹೇಳುತ್ತಾಳೆ ಎಂಬಲ್ಲಿಗೆ ಒಪ್ಪಿದ್ದೇವೆ. ಮದುವೆಮನೆಯ ಗೋಡೆಯಿಂದ ಕಿತ್ತು ಗ್ಯಾಲರಿಗೆ ತರುವುದೇ ತಪ್ಪು ಎನ್ನುವ ಗೆಳತಿಯರೂ ನಮ್ಮಲ್ಲಿದ್ದಾರೆ. ಅವರ ವಾದ ಮುಗಿದಿಲ್ಲ, ಮುಗಿಸುವ ಅವಸರವೂ ನಮಗಿಲ್ಲ.

ಇನ್ನು ನಡೆಸುವ ರೀತಿ. ನಾವು ಯಾರಿಂದಲೂ ಪ್ರವೇಶ ಶುಲ್ಕ ಪಡೆಯುವುದಿಲ್ಲ, ಶುಲ್ಕ ಕೇಳುವ ಪ್ರದರ್ಶನಗಳಿಗೆ ಹೋಗುವುದಿಲ್ಲ. ಸಂಬಳ ಬರುವವರು ತಿಂಗಳ ಆದಾಯದಲ್ಲಿ ನೂರಕ್ಕೆ ಎರಡು ರೂಪಾಯಿ ಹುಂಡಿಗೆ ಹಾಕುತ್ತಾರೆ. ಇಲ್ಲದವರು ಕೈಗೆಲಸ ಕೊಡುತ್ತಾರೆ. ಮಾರಾಟವಾದ ಕೃತಿಯ ಬೆಲೆಯಲ್ಲಿ ಐದನೆಯ ಒಂದು ಪಾಲು ಹುಂಡಿಗೆ, ಉಳಿದದ್ದು ಬರೆದವರಿಗೆ. ಲೆಕ್ಕದ ಪುಸ್ತಕ ಪ್ರದರ್ಶನದ ಬಾಗಿಲಲ್ಲೇ ತೆರೆದಿಟ್ಟಿರುತ್ತದೆ. 1966ರಲ್ಲಿ ಮದರಾಸಿನ ಬಳಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳುತನದಲ್ಲಿ ಚೋಳಮಂಡಲ ಕಟ್ಟಿದವರು ಬಾಟಿಕ್ ಬಟ್ಟೆ ಮಾರಿದ ಹಣದಿಂದ ಜಾಗ ಕೊಂಡರು; ಅವರಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. ನಾವು ಚೀಲ, ಕ್ಯಾಲೆಂಡರು, ಲಿನೋ ಅಚ್ಚು ಮಾರುತ್ತೇವೆ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಒಂದು ಪ್ರದರ್ಶನದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇರುವುದಿಲ್ಲ. ವಿಷಯವನ್ನು ಮೊದಲೇ ಗೊತ್ತು ಮಾಡುವುದಿಲ್ಲ. ಕೃತಿಗಳು ಬಂದು ನೆಲದ ಮೇಲೆ ಗೋಡೆಗೊರಗಿ ನಿಂತ ಮೇಲೆ ಹೆಸರಿನ ಯೋಚನೆ. ಯಾವುದರ ಪಕ್ಕ ಯಾವುದು ಎಂಬುದನ್ನು ಎಲ್ಲರೂ ಸೇರಿ ಎರಡು ದಿನ ಕೂತು ನಿರ್ಧರಿಸುತ್ತೇವೆ, ಜಗಳವಾದರೆ ಮೂರು ದಿನ. ಆರ್ಟಿಸ್ಟ್ ಸ್ಟೇಟ್‌ಮೆಂಟ್ ಎಂಬ ಸ್ವಂತ ಬೆನ್ನು ತಟ್ಟುವ ಪತ್ರವನ್ನು ನಾವು ಕೈಬಿಟ್ಟಿದ್ದೇವೆ. ನಿಮ್ಮ ಕೃತಿಯ ಕುರಿತ ಗೋಡೆಬರಹವನ್ನು ಪಕ್ಕದ ಮೊಳೆಯವರು ಬರೆಯುತ್ತಾರೆ. ಬರೆಯುವ ಮುನ್ನ ಅವರು ನಿಮ್ಮ ಊರಿಗೆ ಬಂದು, ನಿಮ್ಮ ಮನೆಯಲ್ಲಿ ಉಂಡು, ನೀವು ಕೆಲಸ ಮಾಡುವ ಜಾಗ ನೋಡಿರಬೇಕು. ಸಂಗತಿ ತಪ್ಪಿದ್ದರೆ ನೀವು ತಿದ್ದಬಹುದು, ಅಭಿಪ್ರಾಯವನ್ನು ತಿದ್ದುವ ಹಾಗಿಲ್ಲ. ಗೌಡರ ಮನೆಯವನು ಕೇರಿಯವನ ಚಿತ್ರದ ಬಗ್ಗೆ ಬರೆಯಬೇಕು ಎಂದರೆ ಊಟದ ತಟ್ಟೆಯಿಂದಲೇ ಪ್ರಶ್ನೆ ಶುರುವಾಗುತ್ತದೆ ಎಂಬುದು ನಮಗೆ ಗೊತ್ತಿದೆ, ಗೊತ್ತಿದ್ದೇ ಈ ನಿಯಮ ಮಾಡಿದ್ದು. ಜಾತಿ, ಧರ್ಮ, ಲಿಂಗ, ಊರು ಇವುಗಳಲ್ಲಿ ಯಾವುದನ್ನು ಗೋಡೆಯ ಮೇಲೆ ಬರೆಯಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಕೊನೆಯ ಮಾತು ಕೃತಿ ಮಾಡಿದವರದು. ಗೋಡೆಬರಹ ಕನ್ನಡದಲ್ಲಿ ಮೊದಲು. ಮನೆಮಾತು ತುಳು, ಉರ್ದು, ಲಂಬಾಣಿ, ಕೊಂಕಣಿ, ಬ್ಯಾರಿ, ಕೊಡವ ಆಗಿದ್ದರೆ ಅದರಲ್ಲೂ. ಇಂಗ್ಲಿಷ್ ಬೇಕಾದವರಿಗೆ ಕೊನೆಯಲ್ಲಿ.

ಪ್ರತಿ ಪ್ರದರ್ಶನವೂ ಮೊದಲು ಕೃತಿ ಹುಟ್ಟಿದ ಜಿಲ್ಲೆಯಲ್ಲಿ ತೆರೆಯುತ್ತದೆ, ಬೆಂಗಳೂರಿಗೆ ಬಂದರೆ ಆಮೇಲೆ. ಬೆಂಗಳೂರಿನ ಮೇಲೆ ನಮಗೆ ಮುನಿಸಿಲ್ಲ. 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತಿರುವ ಚಿತ್ರಸಂತೆಗೆ ಬರುವ ಜನಸಾಗರ ಯಾವ ಗ್ಯಾಲರಿಯೂ ಕಾಣದ್ದು. ಅದೇ ವರ್ಷ ಶಾಂತಿ ರಸ್ತೆಯ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟ ಸುರೇಶ್ ಜಯರಾಂ ಅವರಂಥವರು ನಮ್ಮಲ್ಲಿ ಹಲವರಿಗೆ ಆಸರೆ. ಆದರೆ ಅಮ್ಮ ನೋಡದ ಚಿತ್ರವನ್ನು ಐಟಿಯವರು ನೋಡಿ ಮೆಚ್ಚಿದರೆ ಸಾಲದು. ಅಮ್ಮ ನೋಡಿ, ಇದೇನು ನಮ್ಮ ಮನೆ ಮಾನ ಕಳೆದಿದ್ದೀಯ ಎಂದು ಬೈದರೆ, ಆ ಬೈಗುಳವೇ ಮೊದಲ ವಿಮರ್ಶೆ. ಅದನ್ನು ತಪ್ಪಿಸಿಕೊಳ್ಳಲು ನಗರಕ್ಕೆ ಓಡಿಬಂದವರು ನಮ್ಮಲ್ಲಿದ್ದಾರೆ. ಊರಿನಲ್ಲಿ ತೋರಿಸಿದರೆ ಹಲ್ಲೆಯಾಗಬಹುದಾದ ಕೃತಿಗಳೂ ಇವೆ. ಅಂಥವರ ಮೇಲೆ ಈ ನಿಯಮವನ್ನು ಹೇರುವುದಿಲ್ಲ. ಎಲ್ಲಿ ತೋರಿಸಬೇಕೆಂದು ಅವರೇ ಹೇಳಬೇಕು, ಜೊತೆಗೆ ನಿಲ್ಲುವ ಕೆಲಸ ಉಳಿದವರದು.

ಮುಖ್ಯ ಅತಿಥಿ ಇಲ್ಲ, ಶಾಲಿಲ್ಲ, ಪ್ರಮಾಣಪತ್ರವಿಲ್ಲ. ಪ್ರದರ್ಶನವಿರುವಷ್ಟು ದಿನವೂ ನಮ್ಮಲ್ಲಿ ಇಬ್ಬರಾದರೂ ಹಾಲಿನಲ್ಲಿ ಕೂತಿರುತ್ತೇವೆ, ಫೋನ್ ನೋಡಿಕೊಂಡಲ್ಲ, ಬಂದವರ ಜೊತೆ ಮಾತಾಡಿಕೊಂಡು.

ಲಲಿತಕಲಾ ಅಕಾಡೆಮಿಗೆ, ಸಂಸ್ಕೃತಿ ಇಲಾಖೆಗೆ ನಮ್ಮ ಬೇಡಿಕೆ ಚಿಕ್ಕದು. ಶಿಬಿರಗಳಿಗೆ ಕೊಡುವಷ್ಟೇ ಗಮನವನ್ನು ಗೋಡೆಗಳಿಗೆ ಕೊಡಿ. ಜಿಲ್ಲೆಗೊಂದು ರಂಗಮಂದಿರ ಕಟ್ಟುವವರು ಅದರ ಪಕ್ಕದಲ್ಲಿ ಸೋರದ ಸೂರು, ಸರಿಯಾದ ಬೆಳಕು ಇರುವ ಒಂದು ಹಾಲ್ ಕಟ್ಟಬಹುದು. ಪತ್ರಿಕೆಗಳವರು ಉದ್ಘಾಟನೆಯ ಫೋಟೋ ಹಾಕುವುದನ್ನು ಬಿಟ್ಟು ಒಂದು ಕೃತಿಯ ಫೋಟೋ ಹಾಕಲಿ, ಅದರ ಬಗ್ಗೆ ನಾಲ್ಕು ಸಾಲು ಬರೆಯಲಿ, ಬೈದರೂ ಸರಿ. ನಮಗೆ ಕಲಿಸಿದ ಮೇಷ್ಟ್ರುಗಳಿಗೆ ಗೌರವಪೂರ್ವಕವಾಗಿ ಒಂದು ಮಾತು: ಮುಂದಿನ ಬ್ಯಾಚಿನ ಹುಡುಗಿ ಮುಟ್ಟಿನ ಬಟ್ಟೆಯ ಚಿತ್ರ ಬರೆದರೆ ಸಂಯೋಜನೆ ಸರಿಯಿಲ್ಲವೆಂದು ಹೇಳಿ, ಸರಿಯಿಲ್ಲದಿದ್ದರೆ. ವಿಷಯವೇ ಸರಿಯಿಲ್ಲವೆಂದು ಹೇಳಬೇಡಿ.

ಈ ಗುಂಪಿಗೆ ಐದು ವರ್ಷ ಆಯಸ್ಸು. ಆಮೇಲೆ ಮುಚ್ಚುತ್ತೇವೆ. ಮುಂದುವರಿಸಬೇಕೆನ್ನುವವರು ಹೊಸ ಪ್ರಣಾಳಿಕೆ ಬರೆದುಕೊಂಡು ಹೊಸದಾಗಿ ಶುರು ಮಾಡಲಿ. ನಮ್ಮ ಹುಂಡಿಯಲ್ಲಿ ಉಳಿದದ್ದು ಅವರಿಗೆ. ಅಧ್ಯಕ್ಷರಾಗಿ ಮುದುಕರಾಗುವ ಆಸೆ ನಮ್ಮಲ್ಲಿ ಯಾರಿಗೂ ಇಲ್ಲ, ಇದ್ದರೂ ಹೇಳಿಕೊಂಡಿಲ್ಲ. ಹೆಸರನ್ನೂ ಇನ್ನೂ ಇಟ್ಟಿಲ್ಲ. ಮೊದಲ ಪ್ರದರ್ಶನ ಮುಗಿದ ಮೇಲೆ ನೋಡಿದವರು ಏನೆಂದು ಕರೆಯುತ್ತಾರೋ ನೋಡೋಣ.

ಸೇರಬೇಕೆನ್ನುವವರು ಒಂದು ಮುಗಿದ ಕೆಲಸ, ಒಂದು ಮುಗಿಯದ ಕೆಲಸ ಹಿಡಿದು ಬನ್ನಿ. ಡಿಗ್ರಿ ಬೇಕಿಲ್ಲ, ವಯಸ್ಸು ಕೇಳುವುದಿಲ್ಲ, ಬಯೋಡೇಟಾ ತರಬೇಡಿ. ಪಕ್ಕದವರ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಲು ತಯಾರಿದ್ದರೆ ಸಾಕು.

ಕಲಾವಿದರಲ್ಲದವರಿಗೂ ಒಂದು ವಿನಂತಿ. ನಿಮ್ಮ ಊರಿನಲ್ಲಿ ನಿಂತುಹೋದ ಅಕ್ಕಿ ಗಿರಣಿ, ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಶಾಲೆ, ಮುಹೂರ್ತವಿಲ್ಲದ ತಿಂಗಳಲ್ಲಿ ಖಾಲಿ ಬಿದ್ದ ಕಲ್ಯಾಣ ಮಂಟಪ ಇದ್ದರೆ ಹತ್ತು ದಿನದ ಮಟ್ಟಿಗೆ ಕೊಡಿ. ಮೊಳೆ, ಸುತ್ತಿಗೆ, ವೈರು, ಬಲ್ಬು ನಾವೇ ತರುತ್ತೇವೆ. ಹೊರಡುವ ಮುನ್ನ ಮೊಳೆಯ ತೂತಿಗೆಲ್ಲ ಪುಟ್ಟಿ ಹಾಕಿ, ಗೋಡೆಗೆ ಸುಣ್ಣ ಬಳಿದು ಕೊಟ್ಟು ಹೋಗುತ್ತೇವೆ.